ಆಲದ ಬಳಗದ ಮರಗಳನ್ನು ಎಲೆ ಮತ್ತು ಕಾಯಿಗಳಿಂದ ಗುರುತಿಸುವ ಕ್ರಮ

ಆಲ, ಅರಳಿ, ಅತ್ತಿ, ಬಸರಿ, ಗೋಣಿ ಎಂಬ ಹೆಸರುಗಳನ್ನು ಕೇಳದ ಕನ್ನಡಿಗರು ವಿರಳ. ಊರ ಮುಂದಿನ ಕಟ್ಟೆ, ಕೆರೆಯ ಏರಿ, ಹಳೆಯ ರಸ್ತೆಗಳ ಸಾಲು, ದೇವಾಲಯದ ಅಂಗಳ, ಎಲ್ಲಿ ನೋಡಿದರೂ ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಇಷ್ಟು ಪರಿಚಿತವಾದ ಮರಗಳನ್ನು ಗುರುತಿಸುವುದಕ್ಕೆ ಒಂದು ಲೇಖನವೇ ಬೇಕೆ ಎಂಬ ಪ್ರಶ್ನೆ ಸಹಜವಾದದ್ದೇ. ಆದರೆ ಹೆಸರು ಪರಿಚಿತವಾಗಿರುವುದು ಬೇರೆ, ಮರ ಪರಿಚಿತವಾಗಿರುವುದು ಬೇರೆ. ಕರಾವಳಿಯಲ್ಲಿ ‘ಗೋಳಿ’ ಎಂದರೆ ಸಾಮಾನ್ಯವಾಗಿ ಆಲದ ಮರ. ಹಳೆಯ ಮೈಸೂರು ಸೀಮೆಯಲ್ಲಿ ‘ಗೋಣಿ’ ಎಂದರೆ ಮತ್ತೊಂದು ಪ್ರಭೇದ. ‘ಬಸರಿ’ ಎಂಬ ಹೆಸರಿನಲ್ಲಿಯೂ ಒಂದಕ್ಕಿಂತ ಹೆಚ್ಚು ಬಗೆಯ ಮರಗಳು ಸೇರಿಕೊಂಡಿವೆ. ಇನ್ನು ಅತ್ತಿ, ಕಾಡತ್ತಿ, ಗರಗತ್ತಿಗಳು ಹೆಸರಿನಲ್ಲಿ ಒಂದನ್ನೊಂದು ಹೋಲಿದರೂ ಲಕ್ಷಣಗಳಲ್ಲಿ ಬಲು ದೂರ. ಹೀಗಿರಲಾಗಿ, ಊರವರು ಹೇಳಿದ ಹೆಸರನ್ನೇ ಆಧಾರವಾಗಿಟ್ಟುಕೊಂಡು ವಿದ್ಯಾರ್ಥಿಯು ತಯಾರಿಸಿದ ಸಸ್ಯಪಟ್ಟಿ ಎಷ್ಟೋ ವೇಳೆ ಶಾಸ್ತ್ರದ ಉಪಯೋಗಕ್ಕೆ ಬಾರದೆ ಹೋಗುತ್ತದೆ.

ಈ ಮರಗಳೆಲ್ಲವೂ ಮೋರೇಸೀ ಕುಟುಂಬದ ಫೈಕಸ್ ಎಂಬ ಒಂದೇ ಜಾತಿಗೆ ಸೇರಿದವು. ಪ್ರಪಂಚದಲ್ಲಿ ಈ ಜಾತಿಯ ೭೫೦ಕ್ಕೂ ಹೆಚ್ಚು ಪ್ರಭೇದಗಳಿವೆ. ಲಿನೀಯಸನು ೧೭೫೩ರಲ್ಲಿ ಹೆಸರಿಟ್ಟದ್ದು ಏಳು ಪ್ರಭೇದಗಳಿಗೆ ಮಾತ್ರ. ಆಲ, ಅರಳಿ, ಅತ್ತಿ, ಅಂಜೂರಗಳು ಆ ಏಳರಲ್ಲಿ ಸೇರಿವೆ. ಮುಂದೆ ಜಾರ್ಜ್ ಕಿಂಗ್ ಕಲ್ಕತ್ತೆಯಿಂದ ೧೮೮೭–೮೮ರಲ್ಲಿ ಹೊರತಂದ ಬೃಹದ್‌ಗ್ರಂಥವೂ, ಕಾರ್ನರ್ ೧೯೬೫ರಲ್ಲಿ ಪ್ರಕಟಿಸಿದ ಪ್ರಭೇದಪಟ್ಟಿಯೂ ಈ ಜಾತಿಯ ಅಧ್ಯಯನಕ್ಕೆ ತಳಹದಿಯಾದವು. ನಮ್ಮ ನಾಡಿನ ಮಟ್ಟಿಗೆ ಸಾಲ್ಡಾನಾ ಮತ್ತು ನಿಕಲ್ಸನ್ ಅವರು ೧೯೭೬ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಸ್ಯವರ್ಣನೆ ಅಭ್ಯಾಸಿಗಳ ಕೈಯಲ್ಲಿರಬೇಕಾದ ಗ್ರಂಥ. ಸಾಮಾನ್ಯ ಪ್ರಭೇದಗಳನ್ನು ಹರ್ಬೇರಿಯಂ ನೆರವಿಲ್ಲದೆ ಮರದ ಬುಡದಲ್ಲಿ ನಿಂತೇ ಗುರುತಿಸುವುದಕ್ಕೆ ಎಲೆ ಎಷ್ಟು ಸಹಾಯಕ, ಕಾಯಿ ಎಷ್ಟು ಸಹಾಯಕ, ಎರಡೂ ಸೋಲುವುದೆಲ್ಲಿ ಎಂಬುದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಬಳಗದ ಸಾಮಾನ್ಯ ಲಕ್ಷಣಗಳು

ಕೈಯಲ್ಲಿರುವ ರೆಂಬೆ ಫೈಕಸ್ ಜಾತಿಗೆ ಸೇರಿದುದೇ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಇದಕ್ಕೆ ಮೂರು ಗುರುತುಗಳು ಸಾಕು. ಮೊದಲನೆಯದು, ಎಲೆಯನ್ನು ಕಿತ್ತರೆ ಒಸರುವ ಬಿಳಿಯ ಹಾಲು. ಎರಡನೆಯದು, ರೆಂಬೆಯ ತುದಿಯಲ್ಲಿ ಚಿಗುರನ್ನು ಟೊಪ್ಪಿಗೆಯಂತೆ ಮುಚ್ಚಿಕೊಂಡಿರುವ ಚೂಪಾದ ವೃಂತಪತ್ರ. ಇದು ಕಳಚಿ ಬಿದ್ದಾಗ ರೆಂಬೆಯ ಸುತ್ತ ಉಂಗುರದಂತಹ ಕಲೆ ಉಳಿಯುತ್ತದೆ. ಮೂರನೆಯದು, ಮತ್ತಾವ ಜಾತಿಯಲ್ಲಿಯೂ ಇದೇ ರೂಪದಲ್ಲಿ ಕಾಣಸಿಗದ ಕಾಯಿ.

ನಾವು ಕಾಯಿ ಎನ್ನುವುದು ವಾಸ್ತವವಾಗಿ ಕಾಯಿಯಲ್ಲ. ಅದು ಒಳಮುಖವಾಗಿ ಮುಚ್ಚಿಕೊಂಡ ಒಂದು ಹೂಗೊಂಚಲು. ಪುಷ್ಪಪೀಠವು ಕುಡಿಕೆಯ ಆಕಾರ ತಾಳಿ, ಅದರ ಒಳಗೋಡೆಯ ಮೇಲೆ ನೂರಾರು ಸಣ್ಣ ಹೂಗಳು ಒತ್ತಾಗಿ ಕುಳಿತಿರುತ್ತವೆ. ಕುಡಿಕೆಯ ತುದಿಯಲ್ಲಿ ಪೊರೆಗಳಿಂದ ಮುಚ್ಚಿದ ಒಂದು ಕಿರಿಯ ಬಾಯಿಯುಂಟು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸೈಕೋನಿಯಂ ಎಂದು ಹೆಸರು. ಹೂವು ಹೊರಗೆ ಕಾಣದಿರುವುದರಿಂದಲೇ ನಮ್ಮ ಹಿಂದಿನವರು ಹೂಬಿಡದೆ ಹಣ್ಣು ಕೊಡುವ ಮರಗಳನ್ನು ‘ವನಸ್ಪತಿ’ ಎಂದು ಬೇರೆಯಾಗಿ ವಿಂಗಡಿಸಿದರು. ಅಮರಕೋಶದಲ್ಲಿ ಈ ವಿಂಗಡಣೆ ಬರುತ್ತದೆ. ಈ ಲೇಖನದಲ್ಲಿ ಅನುಕೂಲಕ್ಕಾಗಿ ‘ಕಾಯಿ’ ಎಂಬ ಬಳಕೆಯ ಮಾತನ್ನೇ ಉಳಿಸಿಕೊಳ್ಳಲಾಗಿದೆ.

೨. ಎಲೆಯ ಸಾಕ್ಷ್ಯ ಮತ್ತು ಅದರ ಮಿತಿ

ಎಲೆಯಲ್ಲಿ ಗಮನಿಸಬೇಕಾದ ಅಂಶಗಳು ಹಲವು: ರೆಂಬೆಯ ಮೇಲೆ ಅದು ಎದುರುಬದುರಾಗಿದೆಯೋ ಒಂದಾದ ಮೇಲೊಂದರಂತೆ ಪರ್ಯಾಯವಾಗಿದೆಯೋ, ಮೇಲ್ಮೈ ನುಣುಪೋ ಒರಟೋ, ತುದಿ ಮೊಂಡೋ, ಚೂಪೋ, ಬಾಲದಂತೆ ನೀಳವೋ, ತೊಟ್ಟಿನ ಉದ್ದ ಎಷ್ಟು, ಬುಡದಿಂದ ಹೊರಡುವ ನರಗಳು ಎಷ್ಟು, ನಡುನರದ ಒಂದೊಂದು ಪಕ್ಕದಲ್ಲಿ ಎಷ್ಟು ಜೊತೆ ನರಗಳಿವೆ. ಇವುಗಳಲ್ಲಿ ಎಲೆಗಳ ಜೋಡಣೆ, ತೊಟ್ಟಿನ ಉದ್ದ ಮತ್ತು ನರಗಳ ವಿನ್ಯಾಸ ಹೆಚ್ಚು ಸ್ಥಿರವಾದವು. ಎಲೆಯ ಒಟ್ಟು ಅಳತೆ ಮತ್ತು ಅಂಚಿನ ಆಕಾರ ಅಷ್ಟು ಸ್ಥಿರವಲ್ಲ.

ಈ ಅಸ್ಥಿರತೆಗೆ ಕಾರಣಗಳನ್ನು ಅರಿತಿರಬೇಕು. ಎಳೆಯ ಗಿಡದ ಎಲೆಗೂ ಬೆಳೆದ ಮರದ ಎಲೆಗೂ ಬಹಳ ವ್ಯತ್ಯಾಸವಿರುತ್ತದೆ. ಕಾಡತ್ತಿಯ ಸಸಿಯಲ್ಲಿ ಎಲೆಯಂಚು ಸ್ಪಷ್ಟವಾಗಿ ಹಲ್ಲುಹಲ್ಲಾಗಿರುತ್ತದೆ. ಬೆಳೆದ ಮರದಲ್ಲಿ ಆ ಹಲ್ಲುಗಳು ಬಹಳ ಮಟ್ಟಿಗೆ ಮಾಯವಾಗುತ್ತವೆ. ಕಡಿದ ಬೊಡ್ಡೆಯಿಂದ ಚಿಗುರಿದ ರೆಂಬೆಯ ಎಲೆಗಳು ಮಾಮೂಲಿಗಿಂತ ದೊಡ್ಡವಾಗಿ ಬೆಳೆಯುತ್ತವೆ. ಹೊಳೆಯ ದಡದಲ್ಲಿ ಪೊದೆಯಾಗಿ ಬೆಳೆಯುವ ಫೈಕಸ್ ಹೆಟಿರೋಫಿಲ ಎಂಬ ಪ್ರಭೇದದಲ್ಲಂತೂ ಸೀಳಿಲ್ಲದ ಎಲೆಯೂ ಆಳವಾಗಿ ಸೀಳಿದ ಎಲೆಯೂ ಒಂದೇ ಗಿಡದ ಮೇಲೆ ಕಾಣಬಹುದು. ಅತ್ತಿಯ ಎಲೆಗಳ ಮೇಲೆ ಏಳುವ ಗಂಟುಗಳು ಒಂದು ಬಗೆಯ ಕೀಟದ ಕೆಲಸವೇ ಹೊರತು ಮರದ ಸಹಜ ಲಕ್ಷಣವಲ್ಲ. ಗಂಟಿಲ್ಲದ ಎಲೆಯನ್ನು ಕಂಡು ಇದು ಅತ್ತಿಯಲ್ಲವೆಂದು ತಳ್ಳಿಹಾಕಬಾರದು.

ಆದುದರಿಂದ ಪರೀಕ್ಷೆಗೆ ಆರಿಸುವ ಎಲೆಗಳು ಬೆಳೆದ ಮರದ, ಬಿಸಿಲು ಬೀಳುವ ರೆಂಬೆಯ, ತುದಿಯಿಂದ ನಾಲ್ಕಾರು ಎಲೆಗಳಷ್ಟು ಕೆಳಗಿನ ಬಲಿತ ಎಲೆಗಳಾಗಿರಬೇಕು. ಒಂದು ಎಲೆಯನ್ನಲ್ಲ, ಹತ್ತು ಎಲೆಗಳನ್ನು ಅಳೆದು, ಕನಿಷ್ಠ ಮತ್ತು ಗರಿಷ್ಠ ಅಳತೆಗಳೆರಡನ್ನೂ ಬರೆದಿಡುವುದು ಕ್ರಮ.

೩. ಕಾಯಿಯ ಸಾಕ್ಷ್ಯ

ಎಲೆಯಿಂದ ನಮಗೆ ದೊರೆಯುವುದು ಊಹೆ. ಆ ಊಹೆಯನ್ನು ಸ್ಥಿರಪಡಿಸುವುದು ಕಾಯಿ. ಆದರೆ ಕಾಯಿಯ ಬಣ್ಣ ಮತ್ತು ಗಾತ್ರಗಳನ್ನು ಮಾತ್ರ ನೋಡುವುದು ಸಾಲದು, ಏಕೆಂದರೆ ಇವೆರಡೂ ಬಲಿತಂತೆಲ್ಲ ಬದಲಾಗುತ್ತವೆ. ಮುಖ್ಯವಾಗಿ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ನಾಲ್ಕು.

ಮೊದಲನೆಯದಾಗಿ, ಕಾಯಿ ಎಲ್ಲಿ ಕುಳಿತಿದೆ? ಎಲೆಯ ಕಂಕುಳಲ್ಲಿಯೋ, ಎಲೆ ಉದುರಿದ ಕಲೆಯ ಮೇಲೋ, ಅಥವಾ ಕಾಂಡದ ಮೇಲೆಯೇ ಗೊಂಚಲುಗೊಂಚಲಾಗಿಯೋ? ಎರಡನೆಯದಾಗಿ, ಅದಕ್ಕೆ ತೊಟ್ಟು ಇದೆಯೇ? ಮೂರನೆಯದಾಗಿ, ಬುಡದಲ್ಲಿ ಬಟ್ಟಲಿನಂತೆ ಸುತ್ತಿರುವ ಮೂರು ಉಪಪತ್ರಗಳು ಹೇಗಿವೆ? ಕಾಯಿಯ ಮೈಮೇಲೆಯೂ ಅಲ್ಲಲ್ಲಿ ಉಪಪತ್ರಗಳಿವೆಯೇ? ನಾಲ್ಕನೆಯದಾಗಿ, ಕಾಯಿಯನ್ನು ಉದ್ದುದ್ದನಾಗಿ ಸೀಳಿದಾಗ ಒಳಗೆ ಯಾವ ಬಗೆಯ ಹೂಗಳು ಕಾಣುತ್ತವೆ?

ಈ ನಾಲ್ಕನೆಯ ಪ್ರಶ್ನೆಗೆ ವಿಶೇಷ ಗಮನ ಸಲ್ಲಬೇಕು. ಆಲ, ಅರಳಿ, ಅತ್ತಿ, ಬಸರಿ, ಗೋಣಿ ಇವುಗಳಲ್ಲಿ ಒಂದೇ ಕಾಯಿಯೊಳಗೆ ಗಂಡು ಹೂಗಳೂ ಹೆಣ್ಣು ಹೂಗಳೂ ಇರುತ್ತವೆ. ಹೆಣ್ಣು ಹೂಗಳಲ್ಲಿ ಕೆಲವು ಬೀಜ ಕಟ್ಟುತ್ತವೆ. ಮತ್ತೆ ಕೆಲವು ಪರಾಗವನ್ನು ತರುವ ಕಿರಿಯ ಕಣಜದ ಮರಿಗಳಿಗೆ ತೊಟ್ಟಿಲಾಗುತ್ತವೆ. ಅತ್ತಿಹಣ್ಣನ್ನು ಬಿಡಿಸಿದರೆ ಹುಳು ಎಂಬ ಜನರ ಮಾತಿನಲ್ಲಿ ಶಾಸ್ತ್ರಸತ್ಯವೇ ಅಡಗಿದೆ: ಆ ಹುಳುಗಳಿಲ್ಲದಿದ್ದರೆ ಅತ್ತಿಗೆ ಬೀಜವಿಲ್ಲ. ಕಾಡತ್ತಿ ಮತ್ತು ಗರಗತ್ತಿಗಳ ವ್ಯವಸ್ಥೆ ಬೇರೆ. ಇವುಗಳ ಕೆಲವು ಮರಗಳ ಕಾಯಿಯಲ್ಲಿ ಗಂಡು ಹೂಗಳೂ, ಕಣಜ ಬೆಳೆಯುವ ಗಿಡ್ಡ ಶಲಾಕೆಯ ಹೂಗಳೂ ಇರುತ್ತವೆ, ಬೀಜವಿರುವುದಿಲ್ಲ; ಇನ್ನು ಕೆಲವು ಮರಗಳ ಕಾಯಿಯಲ್ಲಿ ಬೀಜ ಕಟ್ಟುವ ನೀಳ ಶಲಾಕೆಯ ಹೂಗಳು ಮಾತ್ರ. ಅಕ್ಕಪಕ್ಕದಲ್ಲಿ ನಿಂತ ಎರಡು ಕಾಡತ್ತಿಗಳ ಕಾಯಿಗಳನ್ನು ಸೀಳಿ, ಒಂದರಲ್ಲಿ ಬರೀ ಕಣಜ, ಇನ್ನೊಂದರಲ್ಲಿ ಬರೀ ಬೀಜ ಕಂಡ ಅಭ್ಯಾಸಿಯು ಅವನ್ನು ಎರಡು ಪ್ರಭೇದಗಳೆಂದು ಭಾವಿಸುವ ಸಂಭವವುಂಟು. ಅವು ಒಂದೇ ಪ್ರಭೇದದ ಎರಡು ಬಗೆಯ ಮರಗಳು.

ಮತ್ತೊಂದು ಎಚ್ಚರಿಕೆ ಇಲ್ಲಿಯೇ ಅವಶ್ಯ. ಈ ಬಳಗದ ಬೀಜಗಳು ಹಕ್ಕಿಗಳ ಮೂಲಕ ಹರಡಿ ಇತರ ಮರಗಳ ಕವಲುಗಳಲ್ಲಿ ಮೊಳೆಯುವುದು ಸಾಮಾನ್ಯ. ಆಲದ ಮೇಲೆ ಅರಳಿ, ಅರಳಿಯ ಮೇಲೆ ಬಸರಿ ಬೆಳೆದು, ವರ್ಷಗಳು ಕಳೆದಂತೆ ಎರಡರ ಕಾಂಡಗಳೂ ಹೆಣೆದುಕೊಂಡು ಒಂದೇ ಮರದಂತೆ ತೋರುತ್ತವೆ. ಅಂತಹ ಕಡೆ ಒಂದು ಕೊಂಬೆಯಿಂದ ಎಲೆಯನ್ನೂ ಮತ್ತೊಂದು ಕೊಂಬೆಯಿಂದ ಕಾಯಿಯನ್ನೂ ತೆಗೆದುಕೊಂಡರೆ ಲೋಕದಲ್ಲಿಲ್ಲದ ಒಂದು ಮರವನ್ನು ಕಾಗದದ ಮೇಲೆ ಸೃಷ್ಟಿಸಿದಂತಾಗುತ್ತದೆ. ಎಲೆಯ ಕಂಕುಳಲ್ಲಿ ಕಾಯಿ ಬಿಡುವ ಪ್ರಭೇದಗಳಲ್ಲಿ ಎಲೆ, ಕಾಯಿಗಳೆರಡೂ ಒಂದೇ ರೆಂಬೆಯ ಮೇಲಿರಬೇಕು. ಅತ್ತಿಯಂತೆ ಕಾಂಡದ ಮೇಲೆ ಕಾಯಿ ಬಿಡುವಲ್ಲಿ, ಎಲೆಯ ರೆಂಬೆ ಆ ಕಾಂಡದಿಂದಲೇ ಹೊರಟಿದೆಯೆಂಬುದನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳಬೇಕು.

೪. ಸಾಮಾನ್ಯ ಪ್ರಭೇದಗಳ ನಿರ್ಧಾರಕ ಪಟ್ಟಿ

ಕೆಳಗಿನ ಪಟ್ಟಿಯನ್ನು ಹಂತಹಂತವಾಗಿ ಅನುಸರಿಸಬೇಕು. ಪ್ರತಿ ಹಂತದಲ್ಲಿಯೂ ಎರಡು ಹೇಳಿಕೆಗಳಿವೆ. ಮರಕ್ಕೆ ಒಪ್ಪುವ ಹೇಳಿಕೆಯನ್ನು ಹಿಡಿದು ಮುಂದಿನ ಹಂತಕ್ಕೆ ಹೋಗಬೇಕು.

(೧) ಎಲೆಗಳು ಎದುರುಬದುರು, ಒರಟು ರೋಮಗಳಿಂದ ಕೂಡಿವೆ. ಕಾಯಿ ಕಾಂಡದ ಮೇಲೆ ಅಥವಾ ಎಲೆಯಿಲ್ಲದೆ ಜೋಲುವ ರೆಂಬೆಗಳ ಮೇಲೆ: ಕಾಡತ್ತಿ, ಫೈಕಸ್ ಹಿಸ್ಪಿಡ. ಎಲೆಗಳು ಪರ್ಯಾಯ: (೨)ನ್ನು ನೋಡಿ.

(೨) ಕಾಯಿಗಳು ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೆ ಗೊಂಚಲಾಗಿವೆ. ಎಲೆ ನುಣುಪು: ಅತ್ತಿ, ಫೈಕಸ್ ರೆಸಿಮೋಸ. ಕಾಯಿಗಳು ಎಲೆಯ ಕಂಕುಳಲ್ಲಿ ಅಥವಾ ಎಲೆ ಉದುರಿದ ಕಲೆಗಳ ಮೇಲೆ: (೩)ನ್ನು ನೋಡಿ.

(೩) ಎಲೆ ಮರಳುಕಾಗದದಂತೆ ಒರಟು. ಕಾಯಿಗೆ ತೊಟ್ಟು ಉಂಟು: ಗರಗತ್ತಿ, ಫೈಕಸ್ ಎಕ್ಸಾಸ್ಪರೇಟ. ಎಲೆ ಅಷ್ಟು ಒರಟಲ್ಲ: (೪)ನ್ನು ನೋಡಿ.

(೪) ಎಲೆ ಬುಡದಲ್ಲಿ ಅಗಲ, ತುದಿಯಲ್ಲಿ ಬಾಲದಂತೆ ಚೂಪು, ತೊಟ್ಟು ಬಹಳ ಉದ್ದ: (೫)ನ್ನು ನೋಡಿ. ಎಲೆ ಹಾಗಿಲ್ಲ: (೬)ನ್ನು ನೋಡಿ.

(೫) ಬಾಲ ಬಲು ನೀಳ. ಕಾಯಿಗಳು ಎಲೆಯ ಕಂಕುಳಲ್ಲಿ ಜೋಡಿಜೋಡಿ, ತೊಟ್ಟಿಲ್ಲ: ಅರಳಿ, ಫೈಕಸ್ ರಿಲಿಜಿಯೋಸ. ಬಾಲ ಮೋಟು, ಬಂಡೆಗಳ ಮೇಲೆ ವಾಸ, ಕಾಯಿಗಳು ಎಲೆಯಿಲ್ಲದ ಭಾಗದಲ್ಲಿಯೂ ಗುಂಪುಗೂಡಿವೆ: ಕಲ್ಲರಳಿ, ಫೈಕಸ್ ಅರ್ನಾಟಿಯಾನ.

(೬) ಎಲೆ ದೊಡ್ಡದು, ದಪ್ಪ, ಕಾಯಿ ೧.೫ ಸೆಂಟಿಮೀಟರಿಗೆ ಕಡಮೆಯಿಲ್ಲ, ಹಣ್ಣಾದಾಗ ಕೆಂಪು ಅಥವಾ ಕಿತ್ತಳೆ: (೭)ನ್ನು ನೋಡಿ. ಕಾಯಿ ಸುಮಾರು ೧ ಸೆಂಟಿಮೀಟರ್ ಅಥವಾ ಅದಕ್ಕೂ ಚಿಕ್ಕದು: (೮)ನ್ನು ನೋಡಿ.

(೭) ಕಾಯಿ ಗುಂಡು. ಬಿಳಲು ಹೇರಳ: ಆಲ, ಫೈಕಸ್ ಬೆಂಗಾಲೆನ್ಸಿಸ್. ಕಾಯಿ ನೀಳ, ಬಿಳಲು ಇಲ್ಲ ಅಥವಾ ಅತ್ಯಲ್ಪ: ಗೋಣಿ, ಫೈಕಸ್ ಡ್ರುಪೇಸಿಯ.

(೮) ಎಲೆ ೮ರಿಂದ ೧೮ ಸೆಂಟಿಮೀಟರ್, ತೊಟ್ಟು ನೀಳ: ಬಸರಿ, ಫೈಕಸ್ ವೈರೆನ್ಸ್, ಮತ್ತು ಅದರ ಹತ್ತಿರದ ಸಂಬಂಧಿಗಳು. ಎಲೆ ಬಹುಮಟ್ಟಿಗೆ ೪ರಿಂದ ೧೦ ಸೆಂಟಿಮೀಟರ್, ತೊಟ್ಟು ಗಿಡ್ಡ: (೯)ನ್ನು ನೋಡಿ.

(೯) ಎಲೆ ದಪ್ಪ, ಹೊಳಪು, ತುದಿ ಮೊಂಡು: ಪಿಲಾಲ, ಫೈಕಸ್ ಮೈಕ್ರೊಕಾರ್ಪ. ಎಲೆ ತೆಳು, ತುದಿ ಚೂಪು, ರೆಂಬೆಗಳು ಜೋಲುತ್ತವೆ: ಉದ್ಯಾನಗಳಲ್ಲಿ ಬೆಳೆಸುವ ಫೈಕಸ್ ಬೆಂಜಮಿನ.

ಹಳೆಯ ಪಠ್ಯಪುಸ್ತಕಗಳನ್ನು ಬಳಸುವವರು ಹೆಸರುಗಳ ಬದಲಾವಣೆಯನ್ನು ಗಮನಿಸಬೇಕು. ರಾಕ್ಸ್‌ಬರ್ಗ್ ೧೭೯೮ರಲ್ಲಿ ಕೊಟ್ಟ ಫೈಕಸ್ ಗ್ಲೋಮರೇಟ ಎಂಬ ಹೆಸರೂ ಲಿನೀಯಸನ ಫೈಕಸ್ ರೆಸಿಮೋಸ ಎಂಬ ಹೆಸರೂ ಅತ್ತಿಯವೇ. ಹಳೆಯದಾದ ಲಿನೀಯಸನ ಹೆಸರು ಈಗ ಊರ್ಜಿತ. ಬಸರಿಯನ್ನು ಹಿಂದಿನ ಗ್ರಂಥಗಳು ಫೈಕಸ್ ಇನ್‌ಫೆಕ್ಟೋರಿಯ ಎಂದೂ, ಗೋಣಿಯನ್ನು ಫೈಕಸ್ ಮೈಸೋರೆನ್ಸಿಸ್ ಎಂದೂ, ಪಿಲಾಲವನ್ನು ಫೈಕಸ್ ರೆಟ್ಯೂಸ ಎಂದೂ ಕರೆದಿವೆ. ಹೆಸರು ಬೇರೆಯಾದ ಮಾತ್ರಕ್ಕೆ ಮರ ಬೇರೆಯೆಂದು ಎಣಿಸಬಾರದು.

೫. ಮೋಸಗೊಳಿಸುವ ಜೋಡಿಗಳು

ಆಲ ಮತ್ತು ಗೋಣಿ: ಬಿಳಲು ಕತ್ತರಿಸಿಹೋದ ರಸ್ತೆಬದಿಯ ಆಲವೂ ಎತ್ತರವಾಗಿ ಬೆಳೆದ ಗೋಣಿಯೂ ದೂರದಿಂದ ಒಂದೇ ತೆರನಾಗಿ ಕಾಣುತ್ತವೆ. ಎರಡರಲ್ಲಿಯೂ ಎಲೆ ದೊಡ್ಡದು, ಕಾಯಿ ಜೋಡಿಜೋಡಿ, ತೊಟ್ಟಿಲ್ಲ. ಆದರೆ ಆಲದ ಎಲೆಯಲ್ಲಿ ನಡುನರದ ಪ್ರತಿ ಪಕ್ಕದಲ್ಲಿ ಐದಾರು ನರಗಳಿದ್ದರೆ, ಗೋಣಿಯ ನೀಳವಾದ ಎಲೆಯಲ್ಲಿ ಎಂಟು ಅಥವಾ ಹೆಚ್ಚು. ನಮ್ಮ ಕಡೆಯ ಗೋಣಿಯ ಚಿಗುರಿನ ಮೇಲೆ ಕಂದುಬಣ್ಣದ ಉಣ್ಣೆಯಂತಹ ತುಪ್ಪುಳಿದ್ದು, ಬೆರಳಿನಿಂದ ಉಜ್ಜಿದರೆ ಬಿಟ್ಟುಬರುತ್ತದೆ. ಕಾಯಿ ಸಿಕ್ಕಿದರೆ ಸಂದೇಹವೇ ಉಳಿಯದು: ಆಲದ್ದು ಗೋಲಿಯಂತೆ ಗುಂಡು, ಗೋಣಿಯದು ಮೊಟ್ಟೆಯಂತೆ ಅಥವಾ ಅದಕ್ಕೂ ನೀಳ.

ಅರಳಿ ಮತ್ತು ಕಲ್ಲರಳಿ: ಗುಡ್ಡದ ಬಂಡೆಯ ಸಂದಿನಲ್ಲಿ ಬೆಳೆದ ಮರವನ್ನು ಎಲೆಯ ಆಕಾರದಿಂದ ಮಾತ್ರ ಅರಳಿಯೆಂದು ಬರೆಯುವುದು ವಾಡಿಕೆ. ಅರಳಿಯ ಬಾಲ ಎಲೆಯ ಉದ್ದದ ಗಣನೀಯ ಭಾಗವಾಗಿರುತ್ತದೆ. ಕಲ್ಲರಳಿಯಲ್ಲಿ ಅದು ಗಿಡ್ಡ. ಹಳೆಯ ಗೋಡೆ, ಗೋಪುರಗಳಲ್ಲಿ ಅರಳಿಯೂ ಸೊಗಸಾಗಿ ಬೆಳೆಯುವುದರಿಂದ ವಾಸಸ್ಥಾನವೊಂದನ್ನೇ ನಂಬುವಂತಿಲ್ಲ. ಕಾಯಿಗಳು ಕುಳಿತಿರುವ ಸ್ಥಾನವನ್ನು ನೋಡಿಯೇ ನಿರ್ಣಯಿಸಬೇಕು.

ಬಸರಿಯ ಗುಂಪು: ಇದು ಎಲ್ಲಕ್ಕಿಂತ ಕಠಿನ. ಬಸರಿಯು ಎಲೆಗಳನ್ನು ಪೂರ್ತಿ ಉದುರಿಸಿ, ಅಲ್ಪಕಾಲದಲ್ಲಿಯೇ ತಾಮ್ರವರ್ಣದ ಚಿಗುರಿನಿಂದ ತುಂಬಿಕೊಳ್ಳುತ್ತದೆ. ಆಗ ಗುರುತಿಸುವುದು ಸುಲಭವೆಂದು ತೋರಿದರೂ, ಫೈಕಸ್ ಆಂಪ್ಲಿಸಿಮ ಮತ್ತು ಫೈಕಸ್ ತ್ಸಾಹೆಲ ಎಂಬ ಸಂಬಂಧಿಗಳು ಎಲೆಯಲ್ಲಿ ಇದನ್ನು ಬಹುವಾಗಿ ಹೋಲುತ್ತವೆ. ಇವುಗಳಲ್ಲಿ ಎರಡನೆಯದರ ಹೆಸರು ಕೇರಳದ ಜನರು ಬಳಸುವ ‘ಚೇಲ’ ಎಂಬ ಮಾತಿನಿಂದ ಬಂದುದು. ಈ ಗುಂಪಿನಲ್ಲಿ ಎಲೆಯೊಂದರಿಂದ ನಿರ್ಣಯ ಮಾಡಲು ಹೊರಡುವುದು ವ್ಯರ್ಥ. ಕಾಯಿಯುಳ್ಳ ರೆಂಬೆಯನ್ನು ಹರ್ಬೇರಿಯಂನ ಮಾದರಿಗಳೊಡನೆ ಹೋಲಿಸಿ ನೋಡುವುದೇ ದಾರಿ.

೬. ಅಂಜೂರದ ತಳಿಗಳು

ಮೇಲಿನ ಚರ್ಚೆ ಪ್ರಭೇದಗಳಿಗೆ ಸಂಬಂಧಿಸಿದ್ದು. ತೋಟದ ಅಂಜೂರದಲ್ಲಿ, ಎಂದರೆ ಫೈಕಸ್ ಕ್ಯಾರಿಕದಲ್ಲಿ, ಪ್ರಭೇದ ಒಂದೇ ಆಗಿದ್ದು ತಳಿಗಳು ಅನೇಕ. ಶ್ರೀರಂಗಪಟ್ಟಣದ ಬಳಿಯ ಗಂಜಾಂ ಹಿಂದಿನಿಂದಲೂ ಅಂಜೂರಕ್ಕೆ ಹೆಸರಾದ ಊರು. ಪುಣೆಯ ಸುತ್ತಲಿನ ಬೆಳೆಯೂ ಪ್ರಸಿದ್ಧ. ಹೆಸರು ತಿಳಿಯದ ತಳಿಯನ್ನು ಗುರುತಿಸುವಲ್ಲಿಯೂ ಮೇಲಿನ ನಿಯಮವೇ ಅನ್ವಯಿಸುತ್ತದೆ, ಕಷ್ಟ ಮಾತ್ರ ಹೆಚ್ಚು. ಒಂದೇ ಗಿಡದಲ್ಲಿ ಮೂರು ಸೀಳಿನ ಎಲೆಗಳೂ ಐದು ಸೀಳಿನ ಎಲೆಗಳೂ ಇರುವುದರಿಂದ, ಹಲವು ಎಲೆಗಳನ್ನು ನೋಡಿ ಯಾವುದು ಹೆಚ್ಚೆಂಬುದನ್ನು ಲೆಕ್ಕ ಹಾಕಬೇಕು. ಹಣ್ಣಿನಲ್ಲಿ ಆಕಾರ, ಕತ್ತಿನ ಉದ್ದ, ಬಾಯಿ ತೆರೆದಿದೆಯೋ ಮುಚ್ಚಿದೆಯೋ ಎಂಬುದು, ಸಿಪ್ಪೆಯ ಬಣ್ಣ ಮತ್ತು ಏಣುಗಳು, ತಿರುಳಿನ ಬಣ್ಣ ಇವನ್ನೆಲ್ಲ ಬರೆದುಕೊಳ್ಳಬೇಕು. ಕೆಲವು ತಳಿಗಳಲ್ಲಿ ಹಿಂದಿನ ವರ್ಷದ ರೆಂಬೆಯ ಮೇಲೆ ಬರುವ ಹಣ್ಣಿಗೂ ಅದೇ ವರ್ಷದ ರೆಂಬೆಯ ಹಣ್ಣಿಗೂ ಆಕಾರದಲ್ಲಿ ವ್ಯತ್ಯಾಸವಿರುವುದರಿಂದ, ಎರಡು ಫಸಲುಗಳನ್ನು ಬೆರೆಸಿ ಹೋಲಿಸಬಾರದು. ಇಷ್ಟಾದರೂ ತಳಿಯ ಬಗೆಗೆ ಸಂಶಯ ಉಳಿದರೆ ಈಗ ಡಿಎನ್ಎ ಪರೀಕ್ಷೆಯ ನೆರವನ್ನು ಪಡೆಯಬಹುದು.

೭. ನಿರ್ಣಯದ ಮಹತ್ವ ಮತ್ತು ಮಾದರಿಯ ಸಂಗ್ರಹ

ಹೆಸರು ತಪ್ಪಿದರೆ ಆಗುವ ನಷ್ಟವೇನು? ಎರಡು ಉದಾಹರಣೆಗಳು ಸಾಕು. ಆಯುರ್ವೇದದ ಪಂಚವಲ್ಕಲದಲ್ಲಿ ಬರುವ ಐದು ತೊಗಟೆಗಳ ಪೈಕಿ ನಾಲ್ಕು ಈ ಬಳಗದವು: ನ್ಯಗ್ರೋಧವೆಂಬ ಆಲ, ಉದುಂಬರವೆಂಬ ಅತ್ತಿ, ಅಶ್ವತ್ಥವೆಂಬ ಅರಳಿ, ಪ್ಲಕ್ಷವೆಂಬ ಬಸರಿ. ಸುಲಿದು ಒಣಗಿಸಿದ ತೊಗಟೆಗೆ ಎಲೆಯೂ ಇಲ್ಲ, ಕಾಯಿಯೂ ಇಲ್ಲ. ಮರದ ಬುಡದಲ್ಲಿ ಆದ ತಪ್ಪನ್ನು ಅಂಗಡಿಯಲ್ಲಿ ತಿದ್ದುವುದು ಬಲು ಕಷ್ಟ. ಎರಡನೆಯದು ಅರಣ್ಯದ ವಿಷಯ. ಈ ಬಳಗದ ಮರಗಳು ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ. ಇತರ ಹಣ್ಣುಗಳು ವಿರಳವಾದ ತಿಂಗಳುಗಳಲ್ಲಿಯೂ ಎಲ್ಲೋ ಒಂದು ಮರ ಹಣ್ಣು ತಳೆದಿರುತ್ತದೆ. ಮಂಗಟ್ಟೆ, ಕುಟುರ, ಹಸಿರು ಪಾರಿವಾಳ, ಬಾವಲಿ, ಕೋತಿಗಳ ಜೀವನ ಎಷ್ಟೋ ಮಟ್ಟಿಗೆ ಇದನ್ನು ಅವಲಂಬಿಸಿದೆ. ರಸ್ತೆಯ ವಿಸ್ತರಣೆಗಾಗಿ ಕಡಿಯುವ ಮರಗಳ ಪಟ್ಟಿಯಲ್ಲಿ ಗೋಣಿಯೂ ಬಸರಿಯೂ ಆಲವೆಂದೇ ದಾಖಲಾದರೆ, ಬದಲಿಗೆ ನೆಡುವ ಸಸಿಗಳೂ ಆಲವೊಂದೇ ಆಗುತ್ತವೆ. ಕಳೆದುಹೋದದ್ದು ಏನೆಂಬುದೇ ಆಗ ದಾಖಲೆಯಲ್ಲಿ ಉಳಿಯುವುದಿಲ್ಲ.

ಆದುದರಿಂದ ಅಭ್ಯಾಸಿಗಳು ಮಾದರಿಯನ್ನು ಸಂಗ್ರಹಿಸುವಾಗ ಈ ಕೆಲವು ನಿಯಮಗಳನ್ನು ಪಾಲಿಸುವುದು ಒಳ್ಳೆಯದು. ಕಾಯಿ ಕಂಕುಳಲ್ಲಿರುವ ಮರದಿಂದ ಎಲೆ, ಕಾಯಿ, ತುದಿಯ ವೃಂತಪತ್ರ ಮೂರೂ ಉಳ್ಳ ಒಂದೇ ರೆಂಬೆಯನ್ನು ತೆಗೆದುಕೊಳ್ಳಬೇಕು. ಕಾಯಿಗಳು ಒತ್ತಿದಾಗ ರೂಪಗೆಡುವುದರಿಂದ ಕೆಲವನ್ನು ಮದ್ಯಸಾರದಲ್ಲಿ ಇಡಬೇಕು. ಒಂದೆರಡನ್ನು ಉದ್ದವಾಗಿ ಸೀಳಿ ಒಣಗಿಸಬೇಕು. ಒಣಗಿದ ಮೇಲೆ ತಿಳಿಯದ ಸಂಗತಿಗಳನ್ನು, ಎಂದರೆ ಹಣ್ಣಿನ ಬಣ್ಣ, ಕಾಯಿ ಮರದ ಮೇಲೆ ಕುಳಿತಿದ್ದ ಸ್ಥಾನ, ಬಿಳಲಿನ ಪ್ರಮಾಣ, ಮರವು ನೆಲದಲ್ಲಿತ್ತೋ ಬಂಡೆಯ ಮೇಲಿತ್ತೋ ಮತ್ತೊಂದು ಮರದ ಮೇಲಿತ್ತೋ ಎಂಬುದನ್ನು ಸ್ಥಳದಲ್ಲಿಯೇ ಬರೆಯಬೇಕು. ಊರಿನ ಹೆಸರನ್ನು ಅದೇ ಊರಿನ ಉಚ್ಚಾರಣೆಯಲ್ಲಿ ಬರೆದುಕೊಳ್ಳಬೇಕು; ಅದನ್ನು ಪುಸ್ತಕದ ಹೆಸರಿಗೆ ಸರಿಹೊಂದುವಂತೆ ತಿದ್ದಬಾರದು.

ಕಾಯಿಯಿಲ್ಲದ ಕಾಲದಲ್ಲಿ ಮರದ ಕೆಳಗೆ ಉದುರಿದ ಒಣಗಾಯಿಗಳನ್ನೂ, ರೆಂಬೆಯ ಮೇಲೆ ಕಾಯಿ ಕಳಚಿದ ಕಲೆಗಳನ್ನೂ ಹುಡುಕಿ ನೋಡಬಹುದು. ಅವೂ ದೊರೆಯದಿದ್ದರೆ ‘ಫೈಕಸ್, ಪ್ರಭೇದ ಅನಿಶ್ಚಿತ’ ಎಂದಷ್ಟೇ ಬರೆದು, ಮರದ ಸ್ಥಳವನ್ನು ಗುರುತುಮಾಡಿಕೊಂಡು, ಕೆಲವು ತಿಂಗಳ ಅನಂತರ ಮತ್ತೆ ಹೋಗಿ ನೋಡುವುದು ಯೋಗ್ಯ. ಮರ ಅಲ್ಲಿಯೇ ಇರುತ್ತದೆ. ಅವಸರದಲ್ಲಿ ಬರೆದ ಹೆಸರಾದರೋ ಒಂದು ಪಟ್ಟಿಯಿಂದ ಮತ್ತೊಂದಕ್ಕೆ ಸಾಗಿಹೋಗುತ್ತದೆ.